ತಕ್ಕಡಿಗೆ ಮುಖವಿಲ್ಲ

ಶಾಲೆಯಿಂದ ಬಂದ ಕಾಗದದಲ್ಲಿ ಮೂರೇ ಸಾಲು ಇತ್ತು. ಒಂದು ಮಗುವಿನ ಹಣೆಬರಹ ಬರೆಯಲು ಅಷ್ಟು ಸಾಕೆಂದು ಬರೆದವರಿಗೆ ಅನ್ನಿಸಿರಬೇಕು. ಮೊದಲ ಸಾಲು: ನಿಮ್ಮ ಮಗಳು ಗಣಿತದಲ್ಲಿ ನಿರೀಕ್ಷಿತ ಮಟ್ಟ ತಲುಪಿಲ್ಲ. ಎರಡನೆಯದು: ಆರು ವಾರಗಳ ನಂತರ ಬಾಯಿಲೆಕ್ಕದ ಮರುಪರೀಕ್ಷೆ ಇರುತ್ತದೆ, ಹತ್ತು ಪ್ರಶ್ನೆಗಳಲ್ಲಿ ಏಳು ಸರಿಯಾಗಬೇಕು, ಮನೆಯವರೊಬ್ಬರು ಜೊತೆಗೆ ಬರಬಹುದು. ಮೂರನೆಯದು: ತಪ್ಪಿದಲ್ಲಿ ವಿಶೇಷ ಗುಂಪಿಗೆ ಸೇರಿಸಲಾಗುವುದು.

ವಿಶೇಷ ಗುಂಪು! ಹೆಸರು ಕೇಳಿದರೆ ಬಾಯಲ್ಲಿ ನೀರೂರಬೇಕು. ಆ ಗುಂಪು ಕೂರುವುದು ಶಾಲೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಅರ್ಧ ಕೋಣೆಯ ತುಂಬ ಕಾಲು ಮುರಿದ ಬೆಂಚುಗಳು, ಉಳಿದರ್ಧದಲ್ಲಿ ಮಕ್ಕಳು. ಒಂದು ಕಿಟಕಿ, ಅದೂ ಸೈಕಲ್ ಸ್ಟ್ಯಾಂಡಿನ ಕಡೆಗೆ. ಮೇಲಿನ ತರಗತಿಯಿಂದ ಆ ಕೋಣೆಗೆ ಇಳಿದವರುಂಟು. ಅಲ್ಲಿಂದ ಮೇಲಕ್ಕೆ ಹತ್ತಿದವರನ್ನು ಯಾರೂ ಕಂಡಿಲ್ಲ. ಮಕ್ಕಳಿಗೆ ಇಂಥದ್ದೆಲ್ಲ ದೊಡ್ಡವರಿಗಿಂತ ಮೊದಲೇ ಗೊತ್ತಿರುತ್ತದೆ. ಆಟದ ಮೈದಾನದಲ್ಲಿ ಆ ಗುಂಪಿಗೆ 'ಕೆಳಗಿನವರು' ಎಂದೇ ಹೆಸರು.

ಕಾಗದ ಹಿಡಿದು ತಾಯಿಯ ಮನೆಗೆ ಓಡಿಬಂದವಳು ಆ ಮಗುವಿನ ಅಮ್ಮ. ಆಸ್ಪತ್ರೆಯ ಹಾಸಿಗೆಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಕೆಲಸ. ಕೈಯ ಮೇಲೆ ಇಸ್ತ್ರಿ ತಾಗಿದ ಹಳೆಯ ಗುರುತುಗಳು. ಗಂಡ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆ ಕಂಡರೆ ಅದೇ ಪುಣ್ಯ.

"ಟ್ಯೂಷನ್‌ಗೆ ಹಾಕ್ತೀನಮ್ಮ. ಎರಡು ಶಿಫ್ಟ್ ಮಾಡಿದ್ರೆ ದುಡ್ಡು ಹೊಂದುತ್ತೆ," ಎಂದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಾ? ಲೆಕ್ಕ ಬರದೇ ಇರೋದು ಅವಳಿಗೆ, ಬೆನ್ನು ಮುರ್ಕೊಳ್ಳೋದು ನೀನು," ಎಂದಳು ತಾಯಿ. "ಆರು ಶನಿವಾರ ಅವಳನ್ನ ನನಗೆ ಕೊಡು. ಜೊತೆಗೆ ನಿನ್ನ ಮನೆ ಸಾಮಾನಿನ ಚೀಟಿ ಕೊಡು."

"ಚೀಟಿ ಯಾಕೆ?"

"ಸಾಮಾನು ತರೋಕೆ. ಇನ್ಯಾಕೆ, ಪೂಜೆ ಮಾಡೋಕಾ?"

"ಅಮ್ಮ, ನೀನು ಓದಿದ್ದೇ ಐದನೇ ಕ್ಲಾಸು."

"ಹೌದು. ಅದಕ್ಕೇ ಲೆಕ್ಕ ಇನ್ನೂ ಮರೆತಿಲ್ಲ."

ಹೀಗೆ ಮಾತಾಡುವ ಈ ಹೆಂಗಸನ್ನು ಊರು ಕರೆಯುವುದು ತಕ್ಕಡಿಯಮ್ಮ ಎಂದು. ಐವತ್ತೆಂಟು ವರ್ಷ. ದೊಡ್ಡ ದಿನಸಿ ಮಳಿಗೆಯೊಂದರಲ್ಲಿ ತರಕಾರಿ, ಹಣ್ಣು ತೂಗಿ ಬೆಲೆಯ ಚೀಟಿ ಅಂಟಿಸುವ ಕೆಲಸ. ಅದಕ್ಕೂ ಮೊದಲು ಹದಿನಾರು ವರ್ಷ ಸ್ವಂತ ತಳ್ಳುಗಾಡಿ. ಮಳಿಗೆ ಬಂದು ಗಾಡಿಯ ಗಿರಾಕಿಗಳನ್ನೆಲ್ಲ ನುಂಗಿತು. ಆಮೇಲೆ ಗಾಡಿಯವಳನ್ನೂ ಒಳಗೆ ಕರೆದುಕೊಂಡು, ಹಸಿರು ಏಪ್ರನ್ ಕಟ್ಟಿಸಿ ತಕ್ಕಡಿಯ ಮುಂದೆ ನಿಲ್ಲಿಸಿತು. ಅವಳ ಎಡಗೈಯಲ್ಲೇ ಒಂದು ತಕ್ಕಡಿ ಇದೆ. ಟೊಮೆಟೊ ತುಂಬಿದ ಚೀಲವನ್ನು ಬೆರಳಿಗೆ ಸಿಕ್ಕಿಸಿ ಒಮ್ಮೆ ಮೇಲೆ ಕೆಳಗೆ ತೂಗಿ, "ಏಳುನೂರ ನಲವತ್ತು" ಎನ್ನುತ್ತಾಳೆ. ಯಂತ್ರ ಏಳುನೂರ ಮೂವತ್ತೈದು ಎನ್ನುತ್ತದೆ. ಬಿಲ್ ಕೌಂಟರಿನ ಹುಡುಗಿಯರು ಇದರ ಮೇಲೆ ಚಹಾದ ಪಂಥ ಕಟ್ಟುತ್ತಾರೆ. ಅವಳ ಎದುರು ಕಟ್ಟಿದವರೇ ಯಾವಾಗಲೂ ಚಹಾ ಕೊಡಿಸಬೇಕು.

ಇಷ್ಟು ಲೆಕ್ಕ ಬಲ್ಲವಳನ್ನು ಇಷ್ಟು ವರ್ಷ ಯಾವ ಶಾಲೆಯವರೂ ಒಂದು ಮಾತು ಕೇಳಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ.

ಮೊಮ್ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಅವಳ ಹೆಸರು ಸಾಸಿವೆ. ಆಕಾರದಲ್ಲಿ ಅಷ್ಟೇ ಇದ್ದಳು, ಕಾದ ಮಾತಿಗೆ ಚಟಪಟ ಸಿಡಿಯುತ್ತಿದ್ದಳು. ಸಿಡಿಯುತ್ತಿದ್ದಳು ಎನ್ನಬೇಕು, ಏಕೆಂದರೆ ಈ ವರ್ಷ ಶಾಲೆಯ ಚೀಲ ಕೆಳಗಿಟ್ಟ ಮೇಲೂ ಅವಳು ಸಿಡಿದದ್ದನ್ನು ಯಾರೂ ಕೇಳಿರಲಿಲ್ಲ.

ಮೊದಲ ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ತಕ್ಕಡಿಯಮ್ಮ ಏಪ್ರನ್ ಬಿಚ್ಚಿಟ್ಟಳು. ಗಿರಾಕಿಯ ಬಾಗಿಲಿನಿಂದಲೇ ಮತ್ತೆ ಒಳಗೆ ಬಂದಳು, ಮೊಮ್ಮಗಳ ಕೈ ಹಿಡಿದು. ಆಲೂಗಡ್ಡೆಯ ರಾಶಿಯ ಮುಂದೆ ನಿಂತಳು.

"ನಿಮ್ಮಮ್ಮ ಒಂದು ಕಿಲೋ ಬರೆದಿದಾಳೆ. ನಿನಗೆ ಒಂದು ಕಿಲೋ ಅನ್ನಿಸುವಷ್ಟು ಆರಿಸು."

ಸಾಸಿವೆ ಆರು ಆಲೂಗಡ್ಡೆ ಆರಿಸಿ ಚೀಲಕ್ಕೆ ಹಾಕಿದಳು.

"ಎಷ್ಟಾಗಿರಬಹುದು?"

"ಒಂದು ಕಿಲೋ," ಎಂದ ಹುಡುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿಯ ಹುಬ್ಬು ಸುಮ್ಮನೆ ಒಂಚೂರು ಮೇಲೆ ಹೋಯಿತು, ನೊಣ ಕೂತಿತ್ತೋ ಏನೋ. "ಅಲ್ಲ, ಎರಡು ಕಿಲೋ," ಎಂದಳು ಹುಡುಗಿ. ಅಜ್ಜಿ ಕಣ್ಣು ಕಿರಿದು ಮಾಡಿದಳು. "ಅರ್ಧ ಕಿಲೋ. ಅರ್ಧ ಅಜ್ಜಿ, ಅರ್ಧ."

ಒಂದೇ ಉಸಿರಿಗೆ ಮೂರು ಉತ್ತರ. ಚೀಲವನ್ನು ತಕ್ಕಡಿಯ ಮೇಲಿಟ್ಟರೆ ಒಂಬೈನೂರ ಮೂವತ್ತು ಗ್ರಾಂ. ಹುಡುಗಿ ಮೊದಲು ಹೇಳಿದ್ದೇ ಸರಿಸುಮಾರು ಸರಿ. ಆಮೇಲೆ ಹೇಳಿದ ಎರಡನ್ನೂ ಅವಳು ಆಲೂಗಡ್ಡೆ ನೋಡಿ ಹೇಳಿರಲಿಲ್ಲ. ಮುಖ ನೋಡಿ ಹೇಳಿದ್ದಳು.

ಈ ರೋಗ ತಕ್ಕಡಿಯಮ್ಮನಿಗೆ ಗೊತ್ತು, ಅನುಭವಿಸಿ ಗೊತ್ತು. ಐದನೇ ತರಗತಿಯಲ್ಲಿ ಮೇಷ್ಟರು ಅವಳನ್ನು ಎಬ್ಬಿಸಿ ನಿಲ್ಲಿಸಿ ಒಂದು ಲೆಕ್ಕ ಕೇಳಿದ್ದರು. ಅವಳು ಹೇಳಿದಳು. ಮೇಷ್ಟರು "ಹೂಂ?" ಎಂದರು, ಅಷ್ಟೇ. ಅವಳು ಉತ್ತರ ಬದಲಿಸಿದಳು. ಇನ್ನೊಮ್ಮೆ "ಹೂಂ?" ಎಂದರು. ಇನ್ನೊಮ್ಮೆ ಬದಲಿಸಿದಳು. ಇಡೀ ತರಗತಿ ನಕ್ಕಿತು. ಮರುವಾರ ಅವಳು ಶಾಲೆಗೆ ಹೋಗಲಿಲ್ಲ, ಅದರ ಮರುವಾರವೂ ಹೋಗಲಿಲ್ಲ, ಯಾರೂ ಬಂದು ಕೇಳಲೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಗಾಡಿಯ ಪಕ್ಕ ನಿಂತು ಈರುಳ್ಳಿ ತೂಗುತ್ತಿದ್ದಾಗ ಆ ಲೆಕ್ಕ ತಾನಾಗಿ ನೆನಪಾಯಿತು, ಮನಸ್ಸಿನಲ್ಲೇ ಮಾಡಿ ನೋಡಿದಳು. ಅವಳು ಮೊದಲು ಹೇಳಿದ ಉತ್ತರ ಸರಿಯಿತ್ತು.

ಲೆಕ್ಕ ಬರದ ಮಕ್ಕಳು ಅಂತ ಸಾಲಾಗಿ ನಿಲ್ಲಿಸುತ್ತಾರಲ್ಲ, ಅವರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ಲೆಕ್ಕ ಬರುವುದಿಲ್ಲ, ಎಷ್ಟು ಮಂದಿ ಬರೀ ದೊಡ್ಡವರ ಹುಬ್ಬು ಓದಿ ಓದಿ ಸುಸ್ತಾಗಿದ್ದಾರೆ ಎಂದು ಯಾರಾದರೂ ಎಣಿಸಿದ್ದಾರೆಯೇ? ಎಣಿಸುವ ವಿದ್ಯೆ ಕಲಿಸುವವರೇ ಇದನ್ನು ಎಣಿಸಿಲ್ಲ.

"ಬಾ ಇಲ್ಲಿ," ಎಂದು ಅಜ್ಜಿ ಮೊಮ್ಮಗಳನ್ನು ತಕ್ಕಡಿಯ ಎದುರು ನಿಲ್ಲಿಸಿದಳು. "ಇದರ ಮುಖ ಎಲ್ಲಿದೆ ತೋರ್ಸು."

"ಇದಕ್ಕೆಲ್ಲಿ ಮುಖ ಅಜ್ಜಿ?"

"ಇಲ್ಲ ಅಲ್ವಾ? ಹುಬ್ಬಿಲ್ಲ, ಮೂಗಿಲ್ಲ, ಹೂಂ ಅನ್ನೋ ಬಾಯಿಲ್ಲ. ನೀನು ಅತ್ತರೂ ಅಷ್ಟೇ ತೂಕ, ನಕ್ಕರೂ ಅಷ್ಟೇ. ಇನ್ಮೇಲೆ ನೀನು ಉತ್ತರ ಹೇಳೋದು ಇದಕ್ಕೆ, ನನಗಲ್ಲ. ಮೊದಲು ನಿನ್ನ ಅಂದಾಜು, ಆಮೇಲೆ ಇದರ ಮಾತು. ಒಂದು ಸಲ ಹೇಳಿದ್ಮೇಲೆ ಬದಲಾಯಿಸೋ ಹಾಗಿಲ್ಲ."

"ತಪ್ಪಾದ್ರೆ?"

"ತಪ್ಪಾದ್ರೆ ಎಷ್ಟು ತಪ್ಪು ಅಂತ ಬರ್ಕೋ. ಅಷ್ಟೇ. ಯಾರ ತಲೆಯೂ ಉದುರಲ್ಲ."

ಎಷ್ಟು ತಪ್ಪು ಎಂದು ಬರೆದುಕೊಳ್ಳುವುದು, ಇಷ್ಟೇ ಆ ಇಡೀ ಪಾಠ. ಹಳೆಯ ಡೈರಿಯೊಂದರಲ್ಲಿ ಸಾಸಿವೆ ಮೂರು ಕಲಂ ಹಾಕಿದಳು. ಈರುಳ್ಳಿ: ನಾನು ಐನೂರು, ತಕ್ಕಡಿ ಏಳುನೂರು, ತಪ್ಪು ಇನ್ನೂರು. ಸೇಬು: ನಾನು ಮುನ್ನೂರು, ತಕ್ಕಡಿ ನಾನೂರ ನಲವತ್ತು, ತಪ್ಪು ನೂರ ನಲವತ್ತು. ಶಾಲೆಯ ಪುಸ್ತಕದಲ್ಲಿ ಕಳೆಯುವ ಲೆಕ್ಕ ಕಂಡರೆ ಪೆನ್ಸಿಲಿನ ತುದಿ ಕಚ್ಚಿ ಕೂರುತ್ತಿದ್ದ ಹುಡುಗಿ ಆ ಮಧ್ಯಾಹ್ನ ಹದಿನಾಲ್ಕು ಸಲ ಕಳೆದಳು, ಕಳೆಯುತ್ತಿದ್ದೇನೆಂದು ಗೊತ್ತೇ ಇಲ್ಲದೆ. ಎರಡನೇ ಶನಿವಾರಕ್ಕೆ ತಪ್ಪು ತೊಂಬತ್ತಕ್ಕೆ ಇಳಿಯಿತು, ಅರವತ್ತಕ್ಕೆ ಇಳಿಯಿತು. ಒಂದು ಸೌತೆಕಾಯಿಯಂತೂ ಬರೀ ಐದು ಗ್ರಾಂ ತಪ್ಪು. ಆಗ ಸಾಸಿವೆ ತರಕಾರಿ ಸಾಲಿನ ನಡುವೆ ಕುಣಿದ ಕುಣಿತಕ್ಕೆ ಮುದುಕರೊಬ್ಬರು ತಮ್ಮ ಬುಟ್ಟಿಯನ್ನು ಎದೆಗೆ ಅವಚಿಕೊಂಡು ಪಕ್ಕಕ್ಕೆ ಸರಿದರು.

ಬೆಲೆಯ ಲೆಕ್ಕವೂ ಹಾಗೆಯೇ ಬಂತು. ಕಿಲೋಗೆ ಅರವತ್ತು ಇದ್ದರೆ ಮುನ್ನೂರ ಐವತ್ತು ಗ್ರಾಂಗೆ ಎಷ್ಟು ಎಂದು ಶಾಲೆ ಕೇಳಿದರೆ ಗೆರೆ ಎಳೆದು, ಮೇಲೆ ಕೆಳಗೆ ಬರೆದು, ಸೊನ್ನೆ ಹೊಡೆದುಹಾಕಿ, ಕೊನೆಗೆ ಅಳುವುದು. ಅಜ್ಜಿ ಹೇಳಿಕೊಟ್ಟದ್ದು ಬೇರೆ.

"ಕಾಲು ಕಿಲೋಗೆ ಎಷ್ಟು?"

"ಅರವತ್ತರಲ್ಲಿ ಅರ್ಧ ಮೂವತ್ತು, ಅದರಲ್ಲರ್ಧ ಹದಿನೈದು."

"ಇನ್ನು ನೂರು ಗ್ರಾಂ ಉಳೀತು. ಕಿಲೋದಲ್ಲಿ ಎಷ್ಟು ನೂರು?"

"ಹತ್ತು. ಹಾಗಾದ್ರೆ ಆರು. ಹದಿನೈದೂ ಆರೂ ಇಪ್ಪತ್ತೊಂದು. ಇಷ್ಟೇನಾ?"

"ಇನ್ನೆಷ್ಟು ಬೇಕಿತ್ತು? ಅವರು ಇದನ್ನೇ ಆನೆ ಮಾಡಿ ತೋರ್ಸ್ತಾರೆ."

ಮೂರನೇ ಶನಿವಾರ ಎಲ್ಲ ಕೆಟ್ಟಿತು.

ಬಟ್ಟೆ ಸೋಪಿನ ಪುಡಿಯ ಸಾಲಿನಲ್ಲಿ ಎರಡು ಅಳತೆಯ ಪೊಟ್ಟಣಗಳಿದ್ದವು. ಕಾಲು ಕಿಲೋ ನಲವತ್ತೆಂಟು. ಒಂದು ಕಿಲೋ ಇನ್ನೂರ ಐದು, ಅದರ ಮೇಲೆ ಕೆಂಪು ಅಕ್ಷರದಲ್ಲಿ 'ಕುಟುಂಬ ಪ್ಯಾಕ್, ಭಾರೀ ಉಳಿತಾಯ'. ಸಾಸಿವೆ ತುಟಿ ಅಲ್ಲಾಡಿಸುತ್ತ ನಿಂತಳು. "ನಾಲ್ಕು ಐವತ್ತು ಇನ್ನೂರು, ಎಂಟು ಕಡಿಮೆ, ನೂರ ತೊಂಬತ್ತೆರಡು. ಅಜ್ಜಿ, ಚಿಕ್ಕದು ನಾಲ್ಕು ತಗೊಂಡ್ರೇ ಅಗ್ಗ! ದೊಡ್ಡದಕ್ಕೆ ಹದಿಮೂರು ಜಾಸ್ತಿ!"

ಆ ದನಿ ಸಾಲಿನ ಕೊನೆಯವರೆಗೂ ಕೇಳಿಸಿತು. ಇಬ್ಬರು ಹೆಂಗಸರು ತಿರುಗಿ ನೋಡಿದರು, ಒಬ್ಬಳು ಬುಟ್ಟಿಯಿಂದ ದೊಡ್ಡ ಪೊಟ್ಟಣ ತೆಗೆದು ವಾಪಸ್ ಇಟ್ಟಳು. ಅಷ್ಟರಲ್ಲಿ ಮಳಿಗೆಯ ಮ್ಯಾನೇಜರು ಬಂದ. ಟೈ ಕಟ್ಟಿದ್ದ ಸಭ್ಯ ಮನುಷ್ಯ. ಬಗ್ಗಿ ಹುಡುಗಿಯ ಕೆನ್ನೆ ಚಿವುಟಿ, ಇಡೀ ಹಲ್ಲಿನ ಸಾಲು ತೋರಿಸಿ ನಕ್ಕ. "ಪುಟ್ಟಮ್ಮ, ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಲ್ವಾ? ಇನ್ನೊಂದ್ಸಲ ಲೆಕ್ಕ ಹಾಕು ನೋಡೋಣ."

ಸಾಸಿವೆ ಅವನ ಮುಖ ನೋಡಿದಳು. ನಗು ನೋಡಿದಳು. "ಹೌದು ಅಂಕಲ್, ದೊಡ್ಡದೇ ಅಗ್ಗ," ಎಂದಳು.

ತಕ್ಕಡಿಯಮ್ಮನಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಮೂರು ವಾರದ ಕೆಲಸ ಒಂದು ನಗುವಿಗೆ ಕೊಚ್ಚಿಹೋಗಿತ್ತು. ಗದರಿದರೆ ಹೆದರಿ ಬದಲಿಸುವ ಮಗು, ನಕ್ಕರೆ ಮೆಚ್ಚಿಸಲೆಂದು ಬದಲಿಸುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು, ಅದರಲ್ಲಿ ಪೆಟ್ಟಿನ ಗುರುತೂ ಉಳಿಯುವುದಿಲ್ಲ.

"ಸಾರ್," ಎಂದಳು ತಕ್ಕಡಿಯಮ್ಮ, "ಲೆಕ್ಕ ನೀವೇ ಹಾಕಿ ನೋಡಿ. ನಾಲ್ಕು ನಲವತ್ತೆಂಟಲ."

"ಅದು ಹಾಗಲ್ಲಮ್ಮ, ಕಂಪನಿ ರೇಟು..."

"ಕಂಪನಿ ರೇಟಿಗೂ ನಾಲ್ಕು ನಲವತ್ತೆಂಟಲ ಅಷ್ಟೇ ಬರುತ್ತೆ ಸಾರ್."

ಮ್ಯಾನೇಜರು ಕೆಮ್ಮಿದ. ಇವಳ ಕೈಯನ್ನು ಕಳೆದುಕೊಂಡರೆ ತರಕಾರಿ ಸಾಲಿನಲ್ಲಿ ದಿನಕ್ಕೆ ಎಷ್ಟು ಜಗಳ ಬೀಳುತ್ತದೆಂಬ ಲೆಕ್ಕ ಅವನಿಗೂ ಗೊತ್ತಿತ್ತು. "ಮಗು ಸ್ವಲ್ಪ ಮೆಲ್ಲಗೆ ಮಾತಾಡಲಿ," ಎಂದಷ್ಟೇ ಹೇಳಿ ಹೊರಟುಹೋದ.

ಮನೆಗೆ ನಡೆಯುವಾಗ ಸಾಸಿವೆಯೇ ಬಾಯಿ ಬಿಟ್ಟಳು. "ನನಗೆ ಗೊತ್ತಿತ್ತು ಅಜ್ಜಿ. ಚಿಕ್ಕದೇ ಅಗ್ಗ ಅಂತ ಗೊತ್ತಿತ್ತು."

"ಮತ್ತೆ ಯಾಕೆ ಬದಲಾಯಿಸಿದೆ?"

"ಅವರು ಅಷ್ಟು ಚೆನ್ನಾಗಿ ನಕ್ಕರು."

ಅಜ್ಜಿ ಬೈಯಲಿಲ್ಲ. ಚೀಲಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ದಾರಿಯುದ್ದಕ್ಕೂ ಯೋಚಿಸಿದಳು. ಹುಡುಗಿ ತನ್ನ ಮುಖವನ್ನೂ ಓದುತ್ತಾಳೆ. ಸರಿ ಉತ್ತರ ಬಂದಾಗ ತನ್ನ ಕಣ್ಣು ಅರಳುತ್ತದೆ, ಬಚ್ಚಿಡಲು ಬರುವುದಿಲ್ಲ. ಮೂರು ವಾರದಿಂದ ತಾನೂ ಒಂದು ಮುಖವಾಗಿಯೇ ನಿಂತಿದ್ದೇನೆ, ಮೇಷ್ಟರ ಹಾಗೆಯೇ. ಬೆಕ್ಕಿಗೆ ಗಂಟೆ ಕಟ್ಟಲು ಹೊರಟವಳು ತಾನೇ ಬೆಕ್ಕಾಗಿಬಿಟ್ಟಿದ್ದಳು.

ನಾಲ್ಕನೇ ಶನಿವಾರದಿಂದ ಅವಳು ಮೊಮ್ಮಗಳ ಹಿಂದೆ ನಿಂತಳು. ಚೀಟಿ ಹುಡುಗಿಯ ಕೈಗೆ, ನೂರರ ನೋಟುಗಳು ಹುಡುಗಿಯ ಜೇಬಿಗೆ, ಸಾಮಾನಿನ ಗಾಡಿ ತಳ್ಳುವುದೂ ಹುಡುಗಿಯೇ. ಅಜ್ಜಿ ಎರಡು ಹೆಜ್ಜೆ ಹಿಂದೆ. ಹುಡುಗಿ ತಿರುಗಿದರೆ ಅಜ್ಜಿಯೂ ತಿರುಗುವಳು, ಇಬ್ಬರೂ ಮೊಸರಿನ ಫ್ರಿಜ್ಜಿನ ಮುಂದೆ ಸುತ್ತುವ ಬುಗುರಿಗಳಂತೆ ಕಾಣುತ್ತಿದ್ದರು.

"ಅಜ್ಜಿ, ಇದು ಸರೀನಾ?"

"ನನ್ನನ್ನ ಕೇಳ್ಬೇಡ. ನಾನು ಇಲ್ಲಿಲ್ಲ."

"ಇದೀಯಲ್ಲ! ಉಸಿರು ಕೇಳಿಸ್ತಿದೆ!"

"ಅದು ಫ್ರಿಜ್ಜಿನ ಸದ್ದು."

ಬಿಲ್ ಕೌಂಟರಿನ ಹತ್ತಿರ ಬರುವಾಗ ಸಾಸಿವೆ ಒಟ್ಟು ಮೊತ್ತವನ್ನು ಅಂದಾಜಿಗೆ ಹೇಳಬೇಕು. ಮೊದಲ ಸಲ ಮೂವತ್ತು ಹೆಚ್ಚಾಯಿತು. ಐದನೇ ವಾರ ನಾಲ್ಕೇ ವ್ಯತ್ಯಾಸ. ಬಿಲ್ಲಿನ ಹುಡುಗಿ ಯಂತ್ರದ ಮೇಲೆ ಕೈಯಿಟ್ಟು, "ಇನ್ನೊಂದು ವಾರ ಹೀಗೇ ಆದ್ರೆ ನನ್ನ ಕೆಲಸಕ್ಕೆ ಕುತ್ತು ಕಣೇ," ಎಂದಳು.

"ನಿಮ್ಮ ಕೆಲಸ ನನಗೆ ಬೇಡ," ಎಂದು ಸಿಡಿಯಿತು ಸಾಸಿವೆ. "ದಿನವಿಡೀ ನಿಂತು ಕಾಲು ನೋಯುತ್ತೆ ಅಂತ ನೀವೇ ಹೇಳಿದ್ರಲ್ಲ."

ಅಜ್ಜಿ ಎರಡು ಹೆಜ್ಜೆ ಹಿಂದೆ ನಿಂತು ಆ ಸಿಡಿತವನ್ನು ಕಿವಿತುಂಬ ಕೇಳಿದಳು.

ಆರನೇ ವಾರದ ಒಂದು ಮಾತು ಹೇಳಬೇಕು. ಮಳಿಗೆಯಲ್ಲಿ ಬಾದಾಮಿಯನ್ನು ಬಿಡಿಯಾಗಿ ಮಾರುತ್ತಾರೆ, ಬೇಕಾದವರು ಮನೆಯಿಂದ ಡಬ್ಬ, ಜಾಡಿ ತರಬಹುದು. ಸಾಸಿವೆ ಮನೆಯ ಗಾಜಿನ ಜಾಡಿಗೆ ಬಾದಾಮಿ ತುಂಬಿಸಿ, "ಮುನ್ನೂರು" ಎಂದು ತಕ್ಕಡಿಯ ಮೇಲಿಟ್ಟಳು. ಏಳುನೂರ ಹತ್ತು! ಹುಡುಗಿಯ ಮುಖ ಸಪ್ಪಗಾಯಿತು. ಡೈರಿ ತೆಗೆದು 'ತಪ್ಪು ನಾನೂರ ಹತ್ತು' ಎಂದು ಬರೆಯಲು ಹೊರಟಳು.

"ತಡಿ," ಎಂದಿತು ಹಿಂದಿನ ದನಿ. "ತಕ್ಕಡಿ ಸುಳ್ಳು ಹೇಳಲ್ಲ. ಆದ್ರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೆ. ನೀನು ಏನು ಕೇಳಿದೆ?"

ಹುಡುಗಿ ಜಾಡಿ ನೋಡಿದಳು, ತಕ್ಕಡಿ ನೋಡಿದಳು. ಬಾದಾಮಿಯನ್ನು ಪೂರ್ತಿ ಚೀಲಕ್ಕೆ ಸುರಿದು ಖಾಲಿ ಜಾಡಿಯನ್ನು ಇಟ್ಟಳು. ನಾನೂರು. "ಜಾಡಿ ನಾನೂರು. ಬಾದಾಮಿ ಮುನ್ನೂರ ಹತ್ತು. ನನ್ನ ತಪ್ಪು ಹತ್ತೇ ಹತ್ತು!" ಎಂದವಳು ಖಾಲಿ ಜಾಡಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದಳು, "ಅಜ್ಜಿ, ಹಾಗೇ ಬಿಲ್ ಮಾಡಿದ್ರೆ ಗಾಜಿಗೂ ಬಾದಾಮಿ ರೇಟು ಕೊಡ್ತಿದ್ವಾ?"

"ಕೊಡೋರು ಇದ್ದಾರೆ. ತಗೊಳ್ಳೋರೂ ಇದ್ದಾರೆ. ಖಾಲಿ ಜಾಡಿ ಎಷ್ಟು ಅಂತ ಕೇಳದೆ ಯಾವತ್ತೂ ಬೆಲೆ ಹೇಳ್ಬೇಡ."

ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಹತ್ತು ಗಂಟೆ, ಖಾಲಿ ತರಗತಿ, ಹಲಗೆಯ ಮೇಲೆ ನಿನ್ನೆಯ ಅರ್ಧ ಅಳಿಸಿದ ಅಕ್ಷರಗಳು. ಲೆಕ್ಕದ ಟೀಚರ್ ಮೂವತ್ತರ ಆಸುಪಾಸಿನ ಹೆಣ್ಣು. ಕಣ್ಣ ಕೆಳಗೆ ಕಪ್ಪು, ಮೇಜಿನ ಮೇಲೆ ತಿದ್ದದ ನೋಟ್‌ಬುಕ್ಕುಗಳ ಗುಡ್ಡ. ಕೆಟ್ಟವಳಲ್ಲ. ನಲವತ್ತಾರು ಮಕ್ಕಳ ತರಗತಿಯಲ್ಲಿ ಒಳ್ಳೆಯವಳಾಗಿರಲು ಅವಳಿಗೆ ಯಾರೂ ಸಮಯ ಕೊಟ್ಟಿರಲಿಲ್ಲ, ಅಷ್ಟೇ. ಅವಳ ಕೈಯಲ್ಲಿ ಅಚ್ಚಾದ ಹಾಳೆ, ಅದರ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ.

ತಕ್ಕಡಿಯಮ್ಮ ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಳು. ಎಷ್ಟೋ ವರ್ಷಗಳ ನಂತರ ಬೆಂಚಿನ ಮೇಲೆ ಕೂತದ್ದು. ಸಾಸಿವೆಗೆ ಅವಳು ಕಾಣಬೇಕಾದರೆ ಪೂರ್ತಿ ಹಿಂದೆ ತಿರುಗಬೇಕು.

ಒಂದರಿಂದ ಒಂಬತ್ತು ಪ್ರಶ್ನೆ ಸರಸರ ನಡೆದವು. ಅರ್ಧ, ಕಾಲು, ಮುಕ್ಕಾಲಿನ ಲೆಕ್ಕಗಳಿಗೆ ಹುಡುಗಿ ಉಸಿರು ತೆಗೆದುಕೊಳ್ಳುವ ಮೊದಲೇ ಉತ್ತರ ಕೊಟ್ಟಳು. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಎಡವಿದಳು. ಒಂದು ನಲ್ಲಿ ತೊಟ್ಟಿ ತುಂಬಿಸುತ್ತಿರುವಾಗ ಇನ್ನೊಂದು ಖಾಲಿ ಮಾಡುವ ಲೆಕ್ಕಕ್ಕೆ, "ಆ ಇನ್ನೊಂದನ್ನ ಮೊದಲು ನಿಲ್ಲಿಸಬಾರದಾ ಟೀಚರ್?" ಎಂದು ಕೇಳಿ ಅಂಕ ಕಳೆದುಕೊಂಡಳು. ದೊಡ್ಡ ಭಾಗಾಕಾರವೊಂದು ಕೈತಪ್ಪಿತು. ಆರು ಸರಿ, ಮೂರು ತಪ್ಪು. ಕೊನೆಯ ಬೆಂಚಿನವಳೂ ಬೆರಳು ಮಡಚಿ ಎಣಿಸಿಕೊಂಡಿದ್ದಳು. ಉಳಿದದ್ದು ಒಂದೇ ಪ್ರಶ್ನೆ. ಸರಿಯಾದರೆ ಮೇಲೆ, ತಪ್ಪಿದರೆ ಮೆಟ್ಟಿಲ ಕೆಳಗೆ.

ಟೀಚರ್ ಓದಿದಳು: "ವ್ಯಾಪಾರಿಯೊಬ್ಬ ಹಣ್ಣು ತುಂಬಿದ ಮರದ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟ. ಐದು ಕಿಲೋ ತೂಗಿತು. ಹಣ್ಣಿಗೆ ಕಿಲೋಗೆ ಮೂವತ್ತು. ಹಣ್ಣಿನ ಬೆಲೆ ಎಷ್ಟು?"

ಸಾಸಿವೆ ಗಾಳಿಯಲ್ಲೇ ಪೆಟ್ಟಿಗೆ ಹಿಡಿದಂತೆ ಎರಡೂ ಕೈ ಅಗಲಿಸಿ ನೋಡಿದಳು.

"ಸುಲಭ ಇದೆ ಮಗು."

"ಟೀಚರ್, ಖಾಲಿ ಪೆಟ್ಟಿಗೆ ಎಷ್ಟು ತೂಕ?"

"ಅದನ್ನ ಕೊಟ್ಟಿಲ್ಲ."

"ಹಾಗಾದ್ರೆ ಹೇಳೋಕಾಗಲ್ಲ."

ಟೀಚರ್ ಹುಬ್ಬು ಗಂಟಿಕ್ಕಿದಳು. ಹಾಳೆಯ ಬಲಭಾಗ ನೋಡಿದಳು. ಅಲ್ಲಿ ಸ್ಪಷ್ಟವಾಗಿ ನೂರೈವತ್ತು ಎಂದಿತ್ತು. ಹುಡುಗಿಯ ಕಡೆ ನೋಡಿದಳು. ಆರು ವಾರದಲ್ಲಿ ಈ ಮಗು ಎಷ್ಟು ದೂರ ಬಂದಿದೆ ಎಂದು ಅವಳಿಗೂ ಕಂಡಿತ್ತು, ಕೈಬಿಡಲು ಮನಸ್ಸಿರಲಿಲ್ಲ. ಮುಂದಕ್ಕೆ ಬಗ್ಗಿ ನಕ್ಕು, ದನಿ ತಗ್ಗಿಸಿದಳು. "ನೋಡು ಕಂದ, ಐದು ಮೂವತ್ತಲ ನೂರೈವತ್ತು ಅಲ್ವಾ? ನೂರೈವತ್ತು ಅಂದ್ಬಿಡು. ನಾನು ಸರಿ ಹಾಕ್ತೀನಿ, ನೀನು ನಿನ್ನ ಕ್ಲಾಸಲ್ಲೇ ಇರ್ತೀಯ. ಸಾಕಲ್ವಾ?"

ಸಾಸಿವೆ ಬೆಂಚಿನ ಮೇಲೆ ಪೂರ್ತಿ ತಿರುಗಿ ಅಜ್ಜಿಯ ಕಡೆ ನೋಡಿದಳು.

ಆ ಎರಡು ಗಳಿಗೆ ತಕ್ಕಡಿಯಮ್ಮನ ಮಟ್ಟಿಗೆ ಎರಡು ವರ್ಷ. ಹೇಳಿಬಿಡೇ ಎಂದು ಹೊಟ್ಟೆ ಕೂಗಿತು. ನೂರೈವತ್ತು ಎಂಬ ಒಂದು ಮಾತಿಗೆ ಆ ಕೋಣೆ ತಪ್ಪುತ್ತದೆ, ಮಗಳು ಎರಡು ಶಿಫ್ಟ್ ಮಾಡುವುದು ತಪ್ಪುತ್ತದೆ. ಒಂದು ಚೂರು ತಲೆ ಆಡಿಸಿದರೆ ಸಾಕು. ಕಣ್ಣು ಮಿಟುಕಿಸಿದರೂ ಸಾಕು, ಹುಡುಗಿ ಓದಿಕೊಳ್ಳುತ್ತಾಳೆ.

ಅವಳು ಗೋಡೆಯ ಕಡೆ ತಿರುಗಿ ಕೂತಳು.

ಗೋಡೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಮೀನು ಬಿಡಿಸಿದ್ದರು. ತಕ್ಕಡಿಯಮ್ಮ ಆ ಮೀನನ್ನು ನೋಡುತ್ತ ಕೂತಳು. ಬೆನ್ನ ಹಿಂದಿನಿಂದ ಮೊಮ್ಮಗಳ ದನಿ ಬಂತು, ಸಣ್ಣಗೆ, ಆದರೆ ನೆಟ್ಟಗೆ.

"ಇಲ್ಲ ಟೀಚರ್. ನೂರೈವತ್ತು ಅಂದ್ರೆ ಪೆಟ್ಟಿಗೆಗೂ ಹಣ್ಣಿನ ರೇಟು ಹಾಕಿದ ಹಾಗೆ. ಅದು ಮೋಸ. ಪೆಟ್ಟಿಗೆ ತೂಕ ಕಳೀಬೇಕು, ಎಷ್ಟು ಅಂತ ನೀವು ಹೇಳಿಲ್ಲ. ಹೇಳೋಕಾಗಲ್ಲ."

ಟೀಚರ್ ಹಿಂದಕ್ಕೆ ಒರಗಿದಳು. ನಗು ಹೋಗಿತ್ತು, ಹುಬ್ಬಿನ ಗಂಟೂ ಹೋಗಿತ್ತು. ಪ್ರಶ್ನೆಯನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡಳು. ಓದುತ್ತ ಓದುತ್ತ ಬೆರಳು 'ಪೆಟ್ಟಿಗೆಯನ್ನು' ಎಂಬಲ್ಲಿ ನಿಂತಿತು.

"ಸರಿ, ನಾನೇ ಹೇಳ್ತೀನಿ. ಖಾಲಿ ಪೆಟ್ಟಿಗೆ ಅರ್ಧ ಕಿಲೋ. ಈಗ?"

"ಹಣ್ಣು ನಾಲ್ಕೂವರೆ. ನಾಲ್ಕಕ್ಕೆ ನೂರ ಇಪ್ಪತ್ತು, ಅರ್ಧಕ್ಕೆ ಹದಿನೈದು. ನೂರ ಮೂವತ್ತೈದು."

"ಎಂಟುನೂರು ಗ್ರಾಂ ಇದ್ರೆ?"

"ಹಣ್ಣು ನಾಲ್ಕು ಕಿಲೋ ಇನ್ನೂರು. ನೂರ ಇಪ್ಪತ್ತು, ಮೇಲೆ ಆರು. ನೂರ ಇಪ್ಪತ್ತಾರು."

ಟೀಚರ್ ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಗೆರೆ ಎಳೆದು, ಮೇಲೆ ಕೆಳಗೆ ಬರೆದು, ಸೊನ್ನೆ ಹೊಡೆದು ಲೆಕ್ಕ ಹಾಕಿದಳು. ಹುಡುಗಿಗಿಂತ ಹೆಚ್ಚು ಹೊತ್ತು ಹಿಡಿಯಿತು. ನೂರ ಇಪ್ಪತ್ತಾರೇ ಬಂತು. ಅಚ್ಚಾದ ನೂರೈವತ್ತರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿ ಗುರುತು ಹಾಕಿ, ಕೆಳಗೆ ಏಳು ಎಂದು ಬರೆದು ಸುತ್ತಿದಳು.

"ನೀನು ಎಲ್ಲೂ ಹೋಗಲ್ಲ. ನಿನ್ನ ಜಾಗದಲ್ಲೇ ಇರ್ತೀಯ."

ಸಾಸಿವೆ ಬೆಂಚಿನಿಂದ ಧುಮುಕಿ, "ಅಜ್ಜಿ, ಇನ್ನು ಈ ಕಡೆ ನೋಡಬಹುದು!" ಎಂದು ಕೂಗಿದಳು. ತಕ್ಕಡಿಯಮ್ಮ ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ಸೆರಗಿನಿಂದ ಒರೆಸಿಕೊಂಡಳು. ಮುಂದಿನ ಬೆಂಚಿನವರೆಗೆ ನಡೆದು ಬಂದಳು. ಟೀಚರ್ ಎದ್ದು ನಿಂತು ಕೈ ಜೋಡಿಸಿದಳು.

"ನೀವು ಏನು ಕಲಿಸಿದ್ರಿ ಅಮ್ಮಾ?"

"ಸಾಮಾನು ತರೋದು," ಎಂದಳು ತಕ್ಕಡಿಯಮ್ಮ. ಆಮೇಲೆ ಮೇಜಿನ ಮೇಲಿದ್ದ ಹಾಳೆಯ ಮೇಲೆ ಬೆರಳಿಟ್ಟಳು. "ಈ ಪ್ರಶ್ನೆ ಎಷ್ಟು ವರ್ಷದಿಂದ ಕೇಳ್ತಿದೀರಾ?"

"ಹಾಳೆ ಮೇಲಿಂದ ಬರುತ್ತೆ. ನಾನು ಬಂದಾಗಿನಿಂದ ಇದೇ. ನಾಲ್ಕು ವರ್ಷ."

"ನಾಲ್ಕು ವರ್ಷದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳದೆ ಸುಮ್ಮನೆ ನಿಂತ ಮಕ್ಕಳು ಯಾರಾದ್ರೂ ಇದ್ರಾ?"

ಹೊರಗೆ ಗಂಟೆ ಹೊಡೆಯಿತು, ಮಕ್ಕಳು ಮೆಟ್ಟಿಲ ಮೇಲೆ ಧಡಧಡ ಓಡಿದ ಸದ್ದು ಬಂತು. ಆ ಸದ್ದು ಇಳಿದ ಮೇಲೆ ಟೀಚರ್ ಹೇಳಿದಳು, "ಇದ್ರು. ಹೋದ ವರ್ಷ ಒಬ್ಬಳು ಹೀಗೇ ಏನೋ ಪೆಟ್ಟಿಗೆ ಅಂದಳು. ಸಮಯ ಇರ್ಲಿಲ್ಲ. ಸೊನ್ನೆ ಹಾಕಿದೆ."

"ಅವಳಿಗೂ ಇನ್ನೊಂದು ಅಂಕ ಸಾಕಿತ್ತಾ?"

"ನೆನಪಿಲ್ಲಮ್ಮ. ರಿಜಿಸ್ಟರ್ ನೋಡ್ಬೇಕು."

ತಕ್ಕಡಿಯಮ್ಮ ಮುಂದಿನ ಬೆಂಚಿನಲ್ಲಿ ಕೂತಳು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನೋಡಿ. ನನ್ನ ಪಾಳಿ ಶುರುವಾಗೋದು ಎರಡು ಗಂಟೆಗೆ."

ಟೀಚರ್ ರಿಜಿಸ್ಟರುಗಳ ಬೀರುವಿನ ಬಾಗಿಲು ತೆಗೆದಳು.